ಪಾಲಿನ ಸಂಜೆ

ನಮ್ಮೂರಿನಲ್ಲಿ ಹೊತ್ತು ಮುಳುಗಿದ ಮೇಲೆ ಇನ್ನೊಂದು ಸಂಜೆ ಬರುತ್ತದೆ. ಮೊದಲನೆಯದು ದೇವರು ಕೊಟ್ಟದ್ದು, ಅದಕ್ಕೆ ಯಾರ ಲೆಕ್ಕವೂ ಇಲ್ಲ. ಎರಡನೆಯದು ಸರ್ಕಾರದ್ದು. ಹೆದ್ದಾರಿಯ ಸುಂಕದ ಗೇಟಿನಲ್ಲಿ ಹಾದುಹೋಗುವವರೆಲ್ಲ ತಮ್ಮ ಸಂಜೆಯಿಂದ ಒಂದು ಚೂರು ಕೊಟ್ಟು ಹೋಗಬೇಕು. ಲಾರಿಯವರು ದೊಡ್ಡ ಚೂರು, ಬೈಕಿನವರು ಸಣ್ಣದು. ಅವರಿಗೆ ಅವತ್ತು ಬೇಗ ಕತ್ತಲಾಗುತ್ತದೆ, ಅಷ್ಟೆ. ಹಾಗೆ ಕೂಡಿದ ಸಂಜೆಯಲ್ಲಿ ಮುಕ್ಕಾಲು ಪಾಲನ್ನು ಸರ್ಕಾರ ರಾಜಧಾನಿಯಲ್ಲಿ ಇಟ್ಟುಕೊಳ್ಳುತ್ತದೆ. ಉಳಿದ ಕಾಲು ಪಾಲು ರಸ್ತೆ ಹಾದುಹೋಗುವ ಊರುಗಳಿಗೆ ವಾಪಸು ಬರುತ್ತದೆ. ಅಷ್ಟೊಂದು ಸಂಜೆ ಇಟ್ಟುಕೊಂಡು ರಾಜಧಾನಿಯಲ್ಲಿ ಏನು ಮಾಡುತ್ತಾರೋ ನಾನು ನೋಡಿಲ್ಲ. ಅಲ್ಲಿ ರಾತ್ರಿಯೇ ಆಗುವುದಿಲ್ಲವೆಂದು ನೋಡಿ ಬಂದವರು ಹೇಳುತ್ತಾರೆ. ನೋಡಿ ಬಂದವರು ಏನು ಬೇಕಾದರೂ ಹೇಳುತ್ತಾರೆ.

ಪಾಲಿನ ಸಂಜೆ ದೇವರ ಸಂಜೆಯಷ್ಟು ಕೆಂಪಗಿರುವುದಿಲ್ಲ. ನೀರು ಹೆಚ್ಚಾದ ಮಜ್ಜಿಗೆಯ ಹಾಗೆ ತೆಳ್ಳಗಿರುತ್ತದೆ, ಸ್ವಲ್ಪ ಡೀಸೆಲ್ ವಾಸನೆಯೂ ಇರುತ್ತದೆ. ಆದರೂ ಊರು ಬದುಕುವುದು ಅದರಲ್ಲೇ. ಹಗಲಿಡೀ ದುಡಿದವರು ಆಗ ತಂತಮ್ಮ ಜಗಲಿಯ ಮೇಲೆ ಬಂದು ಕೂರುತ್ತಾರೆ. ಹೂವಿನವರು ಉಳಿದ ಮೊಳವನ್ನು ಕಡಿಮೆಗೆ ಕೊಡುತ್ತಾರೆ. ಹೆಣ್ಣು ನೋಡುವ ಶಾಸ್ತ್ರವನ್ನು ಎಲ್ಲರೂ ಪಾಲಿನ ಸಂಜೆಯಲ್ಲೇ ಇಟ್ಟುಕೊಳ್ಳುತ್ತಾರೆ, ಆ ಬೆಳಕಿನಲ್ಲಿ ಗಂಡಿನ ಬೊಕ್ಕತಲೆ ಅಷ್ಟಾಗಿ ಕಾಣುವುದಿಲ್ಲ. ಕೋಳಿಗಳು ಮಾತ್ರ ಇವತ್ತಿಗೂ ಒಗ್ಗಿಕೊಂಡಿಲ್ಲ. ದೇವರ ಸಂಜೆಗೆ ಗೂಡು ಸೇರಿದವು ಮತ್ತೆ ಹೊರಗೆ ಬಂದು ಪೆಚ್ಚಾಗಿ ನಿಲ್ಲುತ್ತವೆ. ಪಾಲು ತಪ್ಪಿದ ಓಣಿಯಲ್ಲಿ ಇದ್ಯಾವುದೂ ಇಲ್ಲ. ಹೊತ್ತು ಮುಳುಗಿತೋ ಇಲ್ಲವೋ, ಅಲ್ಲಿ ಕತ್ತಲು ಒಮ್ಮೆಗೇ ಬೀಳುತ್ತದೆ. ದೀಪ ಹಚ್ಚಬಹುದು, ಬೇಡವೆಂದವರಿಲ್ಲ. ಆದರೆ ಪಕ್ಕದ ಓಣಿಯಲ್ಲಿ ಇನ್ನೂ ಸಂಜೆಯಿರುವಾಗ ತಾನೊಬ್ಬ ದೀಪ ಹಚ್ಚಿಕೊಂಡು ಕೂರುವುದು ಯಾರಿಗೂ ಸೇರುವುದಿಲ್ಲ. ಅಂಥ ಓಣಿಯ ಜನ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಾರೆ. ಬಣವೆ ಓಣಿ ಹಾಗೆಯೇ ಖಾಲಿಯಾಯಿತು. ಈಗ ಅಲ್ಲಿ ಎಮ್ಮೆ ಕಟ್ಟುತ್ತಾರೆ.

ಊರಿಗೆ ಬಂದ ಸಂಜೆಯನ್ನು ಹಂಚುವುದು ಪುರಸಭೆ. ಸರ್ಕಾರ ಅರ್ಧ ಪಾಲನ್ನು ರಸ್ತೆಯ ಲೆಕ್ಕಕ್ಕೆ ಕೊಡುತ್ತದೆ: ಊರಿನ ಎಲ್ಲೆಯೊಳಗೆ ಹೆದ್ದಾರಿ ಎಷ್ಟು ಉದ್ದ ಹಾದಿದೆಯೋ ಅಷ್ಟು. ಇನ್ನರ್ಧ ಜಾಗದ ಲೆಕ್ಕಕ್ಕೆ: ಊರಿನಲ್ಲಿ ಎಷ್ಟು ಜಾಗ ಬಳಕೆಯಲ್ಲಿದೆಯೋ ಅಷ್ಟು. ರಸ್ತೆಯ ಲೆಕ್ಕ ಸುಲಭ, ಟೇಪು ಹಿಡಿದರೆ ಮುಗಿಯಿತು. ಜಾಗ ಬಳಕೆಯಲ್ಲಿದೆಯೋ ಇಲ್ಲವೋ ಹೇಳುವುದು ಹೇಗೆ? ಬೀಗ ಹಾಕದ ಮನೆಗಳೆಲ್ಲ ಬಳಕೆಯ ಮನೆಗಳಲ್ಲ. ಅದಕ್ಕೇ ಹಿಂದಿನವರು ಒಂದು ನಿಯಮ ಮಾಡಿಟ್ಟಿದ್ದಾರೆ. ಪಾಲಿನ ಸಂಜೆಯ ಹೊತ್ತಿನಲ್ಲಿ ಯಾವ ಮನೆಯಿಂದ ಮಾತು ಕೇಳುತ್ತದೋ ಅದು ಬಳಕೆಯ ಮನೆ. ಕೇಳದಿದ್ದರೆ, ಒಳಗೆ ಯಾರೇ ಇರಲಿ, ಅದು ಖಾಲಿ ಜಾಗ. ಖಾಲಿ ಜಾಗಕ್ಕೆ ಪಾಲಿಲ್ಲ. ಒಂದು ಓಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಖಾಲಿ ಜಾಗವಾದರೆ ಇಡೀ ಓಣಿಗೇ ಪಾಲಿಲ್ಲ.

ಹಾಗೆ ಮನೆಮನೆಯ ಕಿಟಕಿಯ ಕೆಳಗೆ ನಿಂತು ಕೇಳುವ ಕೆಲಸ ನನ್ನದಾಗಿತ್ತು. ಜನ ನನ್ನನ್ನು ಎದುರಿಗೆ ಕೇಳುಗರು ಅನ್ನುತ್ತಿದ್ದರು, ಹಿಂದಿನಿಂದ ಕಿವಿಯಪ್ಪ. ವಾಮನಯ್ಯ ಅನ್ನುವ ನನ್ನ ಹೆಸರು ಪುರಸಭೆಯ ಗುಮಾಸ್ತನಿಗೆ ಮಾತ್ರ ನೆನಪಿತ್ತು. ಕೇಳುಗ ಪಾಲಿನ ಸಂಜೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಮಾತು ಯಾವುದು, ಮಾತಲ್ಲದ್ದು ಯಾವುದು ಅನ್ನುವುದು ಅವನಿಗೆ ಗೊತ್ತಿರಬೇಕು. ದೇವರ ನಾಮ ಮಾತಲ್ಲ. ಬೆಕ್ಕಿಗೆ ಬೈದದ್ದು ಮಾತಲ್ಲ. ರೇಡಿಯೋ, ನರಳಾಟ, ಅಳು, ಒಬ್ಬರೇ ಗೊಣಗಿಕೊಂಡದ್ದು, ಯಾವುದೂ ಮಾತಲ್ಲ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟರೆ ಅದು ಮಾತು. ಜಗಳವೂ ಮಾತೇ. ನಮ್ಮೂರಿನಲ್ಲಿ ಜಗಳದ ಮೇಲೇ ನಿಂತಿರುವ ಓಣಿಗಳು ಬೇಕಾದಷ್ಟಿವೆ.

ಕಳ್ಳಾಟವೂ ಒಮ್ಮೆ ನಡೆದಿತ್ತು. ನಾನು ಕೆಲಸಕ್ಕೆ ಸೇರುವ ಮುಂಚೆ ಕೆಲವರು ಪಕ್ಕದ ಓಣಿಯಿಂದ ಬಾಡಿಗೆಗೆ ದನಿ ತಂದು ಕೂರಿಸಿದ್ದರಂತೆ. ಸರ್ಕಾರದವರಿಗೆ ಗೊತ್ತಾಗಿ ಒಂದು ವರ್ಷ ಇಡೀ ಊರಿಗೆ ಪಾಲು ನಿಂತಿತು. ಆ ವರ್ಷವನ್ನು ಕಂಡವರು ಇವತ್ತಿಗೂ ಅದರ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾರೆ. ಅಂದಿನಿಂದ ಒಂದು ದನಿ ಒಂದೇ ಮನೆಗೆ ಎಂದಾಯಿತು. ಕೇಳುಗ ಊರಿನ ದನಿಗಳನ್ನೆಲ್ಲ ಗುರುತು ಹಿಡಿಯಬೇಕು, ಸುಳ್ಳು ಹೇಳಬಾರದು. ಸುಳ್ಳು ಹೇಳಿದರೆ ಮತ್ತೆ ಊರಿಗೂರೇ ಕತ್ತಲು.

ಆ ಕೆಲಸ ನನಗೆ ಹಿಡಿಸಿತ್ತು. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ. ನನ್ನ ಹೆಂಡತಿ ಇಂದಿರೆ ತೀರಿಕೊಂಡ ಮೇಲೆ ಜಟಕಾ ಸ್ಟ್ಯಾಂಡ್ ಓಣಿಯ ನನ್ನ ಮನೆಯಲ್ಲಿ ನಾನೊಬ್ಬನೇ. ಮಕ್ಕಳಿಲ್ಲ. ಸಂಜೆಯಾದರೆ ಚಪ್ಪಲಿ ಮೆಟ್ಟಿ ಹೊರಡುವುದು, ಒಂದು ಕಿಟಕಿಯ ಕೆಳಗೆ ಸೊಸೆಯ ದೂರು, ಇನ್ನೊಂದರ ಕೆಳಗೆ ಮಗ್ಗಿ ತಪ್ಪಿದ ಮಗುವಿಗೆ ಗದರಿಕೆ, ಮತ್ತೊಂದರ ಕೆಳಗೆ ಗಂಡಹೆಂಡಿರ ಪಿಸುಮಾತು. ಪಿಸುಮಾತು ಬಂದ ಕೂಡಲೇ ನಾನು ಮುಂದಿನ ಮನೆಗೆ ಹೋಗಿಬಿಡುತ್ತಿದ್ದೆ, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದೆ. ಊರಿನ ಎಲ್ಲರ ಮನೆಯ ಮಾತೂ ನನಗೆ ಗೊತ್ತಿತ್ತು. ನನ್ನ ಹತ್ತಿರ ಮಾತಾಡುವವರು ಒಬ್ಬರೂ ಇರಲಿಲ್ಲ. ಕಿವಿಯಪ್ಪನ ಹತ್ತಿರ ಏನು ಮಾತಾಡುವುದು, ಅವನಿಗೆ ಎಲ್ಲ ಗೊತ್ತಲ್ಲ, ಎಂದು ಅಂಗಡಿಯಲ್ಲೂ ಜನ ನಕ್ಕು ಸುಮ್ಮನಾಗುತ್ತಿದ್ದರು. ನನ್ನ ಮನೆ ಮಾತ್ರ ಯಾರೂ ಕೇಳದೆಯೇ ಬಳಕೆಯ ಮನೆಯಾಗಿತ್ತು. ಕೇಳುಗ ಆ ಹೊತ್ತಿನಲ್ಲಿ ಊರಿನ ಕೆಲಸದ ಮೇಲೆ ಹೊರಗಿರುತ್ತಾನೆ, ಅವನ ಮನೆಗೆ ರಿಯಾಯಿತಿ ಎಂದು ಹಿಂದಿನಿಂದ ಬಂದ ರೂಢಿ.

ನಾನು ಬೇಕೆಂದೇ ಕೊನೆಗೆ ಇಟ್ಟುಕೊಳ್ಳುತ್ತಿದ್ದದ್ದು ಹಳೇ ಕಚೇರಿ ಓಣಿಯ ಅಕ್ಕತಂಗಿಯರ ಮನೆ. ಅಕ್ಕ ಚಂಪಕ್ಕ, ತಂಗಿ ತುಂಗಮ್ಮ. ಇಬ್ಬರೂ ಮದುವೆಯಾದವರಲ್ಲ, ಬೆತ್ತದ ಕುರ್ಚಿ ಹೆಣೆದು ಜೀವನ ಮಾಡುತ್ತಿದ್ದರು. ಚಂಪಕ್ಕನಿಗೆ ಕಣ್ಣು ಮಂಜಾಗಿತ್ತು, ದೀಪದಲ್ಲಿ ತಟ್ಟೆ ಕಾಣುತ್ತಿರಲಿಲ್ಲ. ಹಾಗಾಗಿ ಅವರು ಪಾಲಿನ ಸಂಜೆಯಲ್ಲೇ ಊಟ ಮುಗಿಸುತ್ತಿದ್ದರು. ಊಟ ಅಂದರೆ ಅದೊಂದು ಕೋರ್ಟು. ಮೆಣಸು ಹೆಚ್ಚಾಯಿತು, ಅನ್ನ ಮುದ್ದೆಯಾಯಿತು, ನಮ್ಮಮ್ಮ ಹೀಗೆ ಮಾಡುತ್ತಿರಲಿಲ್ಲ ಎಂದು ಅಕ್ಕ ಹೂಡಿದ ದಾವೆಗೆಲ್ಲ ತಂಗಿ ಉತ್ತರ ಕೊಡಬೇಕು. ನಡುವೆ ತುಂಗಮ್ಮ ತಪ್ಪದೆ ಕೇಳುತ್ತಿದ್ದಳು, “ಅಕ್ಕಾ, ಸಾರು ಇನ್ನೊಂದು ಸೌಟು ಹಾಕ್ಲಾ?” ಚಂಪಕ್ಕ ತಪ್ಪದೆ ಹೇಳುತ್ತಿದ್ದಳು, “ಹಾಕು, ಆದ್ರೆ ತಳದ್ದು ಹಾಕು. ಮೇಲಿನ ನೀರು ನೀನೇ ಕುಡಿ.” ಅಷ್ಟು ಕೇಳಿದರೆ ನನ್ನ ಆ ದಿನದ ಕೆಲಸ ಮುಗಿಯಿತು. ಮನೆಗೆ ಬಂದು ನಾನೂ ಬೆಳಗಿನ ಸಾರಿನ ತಳ ಕದಡಿ ಬಡಿಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಬೈಪಾಸ್ ಬಂತು. ಹೆದ್ದಾರಿಯನ್ನು ಊರಿನ ಆಚೆಯ ಬಯಲಿನಲ್ಲಿ ಬಳಸಿ ಒಯ್ದರು. ಹಳೇ ರಸ್ತೆಯಲ್ಲಿ ಎತ್ತಿನ ಗಾಡಿ, ಶಾಲೆಯ ವ್ಯಾನು ಬಿಟ್ಟರೆ ಮತ್ತೇನೂ ಉಳಿಯಲಿಲ್ಲ. ಊರಿನ ಎಲ್ಲೆಯೊಳಗೆ ಹೆದ್ದಾರಿ ಉಳಿದದ್ದು ಒಂದು ಸೇತುವೆಯಷ್ಟು. ರಸ್ತೆಯ ಲೆಕ್ಕದ ಪಾಲು ಹೋದಂತೆಯೇ ಆಯಿತು. ಅಧ್ಯಕ್ಷೆ ಪಂಕಜಮ್ಮ ರಾಜಧಾನಿಗೆ ಹೋಗಿ ಬೇಡಿಕೊಂಡು ಬಂದರು. ಊರಿನ ಗದ್ದೆ ಬಯಲನ್ನೇ ಕೊಯ್ದು ರಸ್ತೆ ಮಾಡಿದ್ದೀರಿ, ಧೂಳು ನಮಗೆ, ಪಾಲು ಮುಂದಿನೂರಿಗೆ ಅಂದರೆ ಹೇಗೆ ಎಂದು ಕೇಳಿದರಂತೆ. ಅಲ್ಲಿಯವರು ನಕ್ಷೆ ಬಿಡಿಸಿ ತೋರಿಸಿ, ಎಲ್ಲೆ ಅಂದರೆ ಎಲ್ಲೆ, ಜಾಗದ ಲೆಕ್ಕ ಗಟ್ಟಿ ಮಾಡಿಕೊಳ್ಳಿ ಎಂದು ಚಹಾ ಕೊಟ್ಟು ಕಳಿಸಿದರು. ಜೊತೆಗೆ, ದಿನದ ಸುತ್ತು ದನಿಗಳ ಗುರುತಿಗೆ ಮಾತ್ರ, ಪಾಲು ಸಿಗುವುದು ಇನ್ನು ಮೇಲೆ ಮೂರು ತಿಂಗಳಿಗೊಮ್ಮೆ ಆಗುವ ಎಣಿಕೆಯ ಮೇಲೆ, ಎಣಿಕೆಗೆ ಸರ್ಕಾರದ ಒಬ್ಬ ಸಾಕ್ಷಿ ಎಂದರು. ಊರಿನ ಸಂಜೆ ಒಂದೇ ಸಲಕ್ಕೆ ಅರ್ಧವಾಯಿತು. ಜನ ಸಿಡುಕಿದರು, ಆಮೇಲೆ ಜಗಲಿಯ ಮೇಲೆ ಬೇಗ ಬೇಗ ಮಾತಾಡುವುದನ್ನು ಕಲಿತರು.

ಅದೇ ಬೇಸಿಗೆಯಲ್ಲಿ ಚಂಪಕ್ಕ ತೀರಿಕೊಂಡಳು. ಹಳೇ ಕಚೇರಿ ಓಣಿಯಲ್ಲಿ ಇರುವುದು ಐದೇ ಮನೆ. ಒಂದಕ್ಕೆ ಬೀಗ. ಇನ್ನೊಂದರಲ್ಲಿ ಇಬ್ಬರು ಅಣ್ಣತಮ್ಮಂದಿರು ಗೋಡೆಯ ವಿಷಯಕ್ಕೆ ಮಾತು ಬಿಟ್ಟು ಕೂತಿದ್ದರು. ಒಳ್ಳೆಯ ಜಗಳವಾಡಿದ್ದರೂ ಆಗುತ್ತಿತ್ತು, ಅವರು ಬೈದುಕೊಳ್ಳುತ್ತಲೂ ಇರಲಿಲ್ಲ. ಉಳಿದದ್ದು ಮೂರು. ತುಂಗಮ್ಮನ ಮನೆಯೂ ಮೂಕವಾದರೆ ಐದರಲ್ಲಿ ಮೂರು ಖಾಲಿ ಜಾಗ, ಓಣಿಗೇ ಕತ್ತಲು. ಇದು ಅವಳಿಗೂ ಗೊತ್ತಿತ್ತು, ಓಣಿಯವರಿಗೂ ಗೊತ್ತಿತ್ತು. ಯಾರೂ ಅವಳನ್ನು ಅನ್ನಲಿಲ್ಲ, ಆದರೆ ನೋಡುವ ನೋಟ ಬೇರೆಯಾಯಿತು. ಎದುರುಮನೆಯ ಕಮಲಾಕ್ಷಿ, ಮೂರು ಮಕ್ಕಳ ತಾಯಿ, ಯಾರಾದರೂ ದೂರದ ನೆಂಟರನ್ನು ಕರೆಸಿಕೊಳ್ಳಬಾರದೇ ಎಂದು ಕೇಳಿದಳಂತೆ. ತುಂಗಮ್ಮನಿಗೆ ಹತ್ತಿರದವರೇ ಇರಲಿಲ್ಲ, ದೂರದವರೆಲ್ಲಿ. ಕಮಲಾಕ್ಷಿ ತಾನೇ ಹೋಗಿ ಕೂರೋಣವೆಂದರೆ ಅವಳ ದನಿ ಅವಳ ಮನೆಯ ಲೆಕ್ಕದಲ್ಲಿತ್ತು. ಆ ಹೊತ್ತಿನಲ್ಲಿ ಎಲ್ಲರೂ ತಂತಮ್ಮ ಮನೆಯ ಮಾತು ಉಳಿಸಿಕೊಳ್ಳುವುದರಲ್ಲೇ ಇರುತ್ತಾರೆ.

ಎಣಿಕೆಗೆ ಸ್ವಲ್ಪ ದಿನ ಮುಂಚೆ ಬೆಳಗ್ಗೆ ತುಂಗಮ್ಮ ಸಂತೆಯಲ್ಲಿ ಸಿಕ್ಕಳು. ಬೆತ್ತದ ಕಟ್ಟು ತಲೆಯ ಮೇಲಿತ್ತು. ಅಷ್ಟು ವರ್ಷ ಅವಳ ಮನೆಯ ಮಾತು ಕೇಳಿದ್ದ ನಾನು ಅವಳನ್ನು ಎದುರಿಗೆ ಮಾತಾಡಿಸಿರಲಿಲ್ಲ. ಅವಳೇ ನಿಂತಳು.

“ಒಂದು ಮಾತು ಕೇಳ್ಲಾ? ಅಳು ಲೆಕ್ಕಕ್ಕೆ ಬರುತ್ತಾ?”

“ಇಲ್ಲಮ್ಮ.”

“ಬರಲ್ಲ ಅಂತ ಗೊತ್ತಿತ್ತು. ಸುಮ್ನೆ ಕೇಳ್ದೆ.”

ಅವಳು ಕಟ್ಟನ್ನು ಸರಿಮಾಡಿಕೊಂಡು ಹೋದಳು. ನನಗೆ ಅವತ್ತು ತರಕಾರಿ ಕೊಳ್ಳುವುದೇ ಮರೆತುಹೋಯಿತು.

ಎಣಿಕೆಯ ದಿನ ಸಾಕ್ಷಿಯಾಗಿ ಬಂದವರು ಪರಪ್ಪ ಅನ್ನುವ ಸರ್ಕಾರಿ ಮನುಷ್ಯ. ಸಣ್ಣ ಆಳು, ಇಸ್ತ್ರಿ ಮಾಡಿದ ಅಂಗಿ, ನಿಯಮದ ಪುಸ್ತಕವನ್ನು ಬಾಯಲ್ಲೇ ಇಟ್ಟುಕೊಂಡವರು. ಕೆಟ್ಟವರಲ್ಲ. ಬಸ್ಸಿನಲ್ಲಿ ಬಂದು ಬಂದು ಅವರ ಸಂಜೆಯೆಲ್ಲ ಗೇಟಿನಲ್ಲೇ ಕಳೆದುಹೋಗಿದೆ ಎಂದು ಒಮ್ಮೆ ಹೇಳಿ ನಕ್ಕರು. ದೇವರ ಸಂಜೆ ಮುಗಿದು ಪಾಲಿನದು ಹರಡುತ್ತಿದ್ದಂತೆ ನಾವಿಬ್ಬರೂ ಬಾಯಿ ಮುಚ್ಚಿ ಹೊರಟೆವು. ಓಣಿಯಾದ ಮೇಲೆ ಓಣಿ ಸರಾಗವಾಗಿ ಮುಗಿಯಿತು. ಪರಪ್ಪ ಪ್ರತಿ ಮನೆಯ ಮುಂದೆ ನನ್ನ ಮುಖ ನೋಡುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ, ಅವರು ಗುರುತು ಹಾಕಿಕೊಳ್ಳುತ್ತಿದ್ದರು. ಹಳೇ ಕಚೇರಿ ಓಣಿಗೆ ಬಂದಾಗ ಬೆಳಕು ತೆಳುವಾಗತೊಡಗಿತ್ತು.

ಕಮಲಾಕ್ಷಿಯ ಮನೆಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿಯೇ ಮಾತಿತ್ತು, ಮಕ್ಕಳಿಗೆ ಮೊದಲೇ ಹೇಳಿ ಕೂರಿಸಿದ್ದಳು ಅಂತ ಕಾಣುತ್ತದೆ. ಅದರ ಪಕ್ಕದ್ದೂ ಆಯಿತು. ಬೀಗದ ಮನೆ ಲೆಕ್ಕಕ್ಕಿಲ್ಲ. ಅಣ್ಣತಮ್ಮಂದಿರ ಮನೆಯಲ್ಲಿ ಚಮಚದ ಸದ್ದು ಮಾತ್ರ. ಕೊನೆಗೆ ತುಂಗಮ್ಮನ ಕಿಟಕಿ. ಜಗಲಿಗಳ ಮೇಲಿದ್ದ ಓಣಿಯವರೆಲ್ಲ ಒಳಗೆ ಹೋಗಿದ್ದರು. ನೋಡಲಾರದೆ ಹೋಗಿದ್ದರು.

ಒಳಗೆ ಮೊದಲು ತಟ್ಟೆ ಇಟ್ಟ ಸದ್ದು ಕೇಳಿತು. ಆಮೇಲೆ ಇನ್ನೊಂದು ತಟ್ಟೆ. ಅನ್ನ ಬಡಿಸಿದ ಸದ್ದು. ಅವಳು ಅತ್ತು ಕರೆದು ಮಾಡಲಿಲ್ಲ. ದಿನದ ದನಿಯಲ್ಲೇ ಶುರುಮಾಡಿದಳು. ಇವತ್ತು ಬೇಳೆ ಸರಿಯಾಗಿ ಬೇಯಲಿಲ್ಲ ಅಂದಳು. ಕುರ್ಚಿಯವರು ದುಡ್ಡು ನಾಳೆ ಕೊಡುತ್ತಾರಂತೆ ಅಂದಳು. ಒಂದೊಂದು ಮಾತಿನ ಮುಂದೆಯೂ ಅಕ್ಕನ ಉತ್ತರಕ್ಕೆ ಬೇಕಾಗುವಷ್ಟು ಜಾಗ ಬಿಡುತ್ತಿದ್ದಳು. ಕೇಳುಗನಿಗೆ ಮೋಸ ಮಾಡಲು ಆಡಿದ ಮಾತಲ್ಲ ಅದು. ಮೋಸ ಮಾಡುವವಳಾಗಿದ್ದರೆ ದನಿ ಬದಲಿಸಿ ತಾನೇ ಉತ್ತರ ಕೊಡುತ್ತಿದ್ದಳು. ಅವಳಿಗೆ ಬೇರೆ ಥರ ಊಟ ಮಾಡುವುದು ಗೊತ್ತಿರಲಿಲ್ಲ, ಅಷ್ಟೆ. ಪರಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಸ್ವಲ್ಪ ತಡೆಯಿರಿ ಎಂದು ಕೈಮಾಡಿದೆ. ಆಗ ಅವಳು ಕೇಳಿದಳು.

“ಅಕ್ಕಾ, ಸಾರು ಇನ್ನೊಂದು ಸೌಟು ಹಾಕ್ಲಾ?”

ಎಂದಿನ ಜಾಗ. ಎಂದಿಗಿಂತ ಉದ್ದ. ಪಾತ್ರೆಯೊಳಗೆ ಸೌಟು ನಿಂತೇ ಇತ್ತು. ನಾನು ಏನನ್ನೂ ಯೋಚಿಸಲಿಲ್ಲ. ಓಣಿ, ಪಾಲು, ಪುರಸಭೆ ಯಾವುದೂ ತಲೆಯಲ್ಲಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಬರದೆ ಅದು ಹಾಗೇ ನಿಂತುಬಿಟ್ಟದ್ದನ್ನು ತಾಳಲಾಗಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಊರಿನಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೇ.

“ಹಾಕು,” ಅಂದೆ, “ಆದ್ರೆ ತಳದ್ದು ಹಾಕು.”

ಪರಪ್ಪನ ಕೈಯಿಂದ ಪೆನ್ನು ಬಿತ್ತು. ಒಳಗೆ ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು, ಸಾರು ಬಿದ್ದ ಸದ್ದು. ಅವಳು ಕಿಟಕಿಗೆ ಬರಲಿಲ್ಲ. ಯಾರೆಂದು ಕೇಳಲೂ ಇಲ್ಲ. ಸಂಜೆ ಮುಗಿಯಿತು.

ಮಾರನೆಯ ದಿನ ಪುರಸಭೆಯಲ್ಲಿ ಸಭೆ ಕೂತಿತು. ನಾನು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವುದಕ್ಕೆ ಸಾಕ್ಷಿ ಪಕ್ಕದಲ್ಲೇ ಇದ್ದರಲ್ಲ. ಸದಸ್ಯರಲ್ಲಿ ಕೆಲವರು ಕಿವಿಯಪ್ಪ ಊರು ಮುಳುಗಿಸಿದ ಅಂದರು. ಕೆಲವರು ಪಾಪ ಅಂದರು. ಪಂಕಜಮ್ಮ ಮಾತ್ರ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಊರಿಗೆ ಶಿಕ್ಷೆ ಬೇಡ, ತಪ್ಪಿದ್ದರೆ ಇವರೊಬ್ಬರದೇ ಎಂದು ಪರಪ್ಪನನ್ನು ಕೇಳಿಕೊಂಡರು. ಪರಪ್ಪ ತಮ್ಮ ಗುರುತಿನ ಹಾಳೆ ತಿರುವಿದರು. ಇದರಲ್ಲಿ ಸುಳ್ಳಿಲ್ಲ, ಕೇಳಿದ್ದಕ್ಕೆ ಉತ್ತರ ಬಂದದ್ದನ್ನು ತಾನೇ ಕೇಳಿದ್ದೇನೆ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

“ನಿಮ್ಮ ದನಿ ಯಾವ ಮನೆಯಲ್ಲಿ ಎಣಿಕೆಯಾಗಿದೆ?”

“ಎಲ್ಲೂ ಇಲ್ಲ ಸ್ವಾಮಿ.”

“ಎಲ್ಲೂ ಅಂದ್ರೆ?”

“ನಾನು ಎಲ್ಲೂ ಮಾತಾಡಿಲ್ಲ.”

ಸಭೆಯಲ್ಲಿ ಒಬ್ಬರು ನಕ್ಕರು, ಮತ್ತೆ ನಿಲ್ಲಿಸಿದರು. ಪರಪ್ಪ ನಿಯಮ ಹೇಳಿದರು. ಬೇರೆಲ್ಲೂ ಎಣಿಕೆಯಾಗದ ದನಿ ಎಲ್ಲಿ ಕೇಳಿಸಿತೋ ಆ ಮನೆಯದೇ. ಹಾಗಾಗಿ ವಾಮನಯ್ಯನವರ ದನಿ ಇಂದಿನಿಂದ ತುಂಗಮ್ಮನವರ ಮನೆಯ ದನಿ, ಆ ಮನೆ ಬಳಕೆಯ ಮನೆ, ಓಣಿಗೆ ಪಾಲು ಉಂಟು. ಮಾತಾಡಿದ ಕೇಳುಗ ಕೇಳುಗನಾಗಿ ಉಳಿಯುವುದಿಲ್ಲ. ಕೇಳುಗನಲ್ಲದವನ ಮನೆಗೆ ರಿಯಾಯಿತಿ ಇಲ್ಲ. ಅವನ ದನಿ ಬೇರೆ ಮನೆಗೆ ಹೋದದ್ದರಿಂದ ಜಟಕಾ ಸ್ಟ್ಯಾಂಡ್ ಓಣಿಯ ಅವನ ಮನೆ ಖಾಲಿ ಜಾಗ. ಅಷ್ಟು ಹೇಳಿ ಅವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಾಗಿಲಲ್ಲಿ ನನ್ನ ಹೆಗಲು ಮುಟ್ಟಿ ಹೋದರು.

ನನ್ನ ಓಣಿಯಲ್ಲಿ ಬಾಯಾಳಿ ಮನೆಗಳು ಬೇಕಾದಷ್ಟಿದ್ದವು, ಓಣಿಗೆ ತೊಂದರೆಯಾಗಲಿಲ್ಲ. ನನ್ನ ಮನೆ ಮಾತ್ರ ಅವತ್ತಿನಿಂದ ಹೊತ್ತು ಮುಳುಗಿದ ಕೂಡಲೇ ಕಪ್ಪಾಗತೊಡಗಿತು. ಎಡಗಡೆಯ ಜಗಲಿಯಲ್ಲಿ ಸಂಜೆ, ಬಲಗಡೆಯ ಜಗಲಿಯಲ್ಲಿ ಸಂಜೆ, ನಡುವೆ ಹಲ್ಲು ಬಿದ್ದ ಜಾಗದಂತೆ ನನ್ನ ಮನೆ. ಮೊದಮೊದಲು ಜನ ನಿಂತು ನೋಡಿದರು. ಆಮೇಲೆ ಒಗ್ಗಿಕೊಂಡರು. ಪಕ್ಕದವರು ಸಂಡಿಗೆ ಹರಡಿದರೆ ನನ್ನ ಎಲ್ಲೆಯವರೆಗೆ ಮಾತ್ರ ಹರಡುತ್ತಿದ್ದರು. ಯಾರೋ ಒಬ್ಬರು ಕಸ ತಂದು ನನ್ನ ಮೆಟ್ಟಿಲ ಬದಿಗೆ ಸುರಿದರು. ಖಾಲಿ ಜಾಗ ಅಂದುಕೊಂಡಿದ್ದರಂತೆ, ನಾನು ಒಳಗಿನಿಂದ ಕೆಮ್ಮಿದ್ದಕ್ಕೆ ಬೆಚ್ಚಿದರು, ಕ್ಷಮೆ ಕೇಳಿದರು. ನಾನು ದೀಪ ಹಚ್ಚುತ್ತಿರಲಿಲ್ಲ. ಸಂಜೆಯಾದರೆ ಕಾಲು ತಾನೇ ಚಪ್ಪಲಿ ಹುಡುಕುತ್ತಿತ್ತು. ಹೋಗುವುದಕ್ಕೆ ಜಾಗವಿರಲಿಲ್ಲ. ಹೊಸ ಕೇಳುಗನಾಗಿ ನಿವೃತ್ತ ಬಸ್ ಕಂಡಕ್ಟರ್ ಮುನಿಸ್ವಾಮಿಯನ್ನು ನೇಮಿಸಿದ್ದರು, ಅವನ ಚಪ್ಪಲಿ ನನ್ನ ಬಾಗಿಲ ಮುಂದೆ ನಿಲ್ಲದೆ ದಾಟಿಹೋಗುವುದು ದಿನವೂ ಕೇಳುತ್ತಿತ್ತು. ಊರಿನ ಮಾತೆಲ್ಲ ನನಗೆ ತಪ್ಪಿಹೋಯಿತು. ಯಾರ ಸೊಸೆ ತವರಿಗೆ ಹೋದಳು, ಯಾರ ಮಗು ಮಗ್ಗಿ ಕಲಿಯಿತು, ಒಂದೂ ಗೊತ್ತಾಗುತ್ತಿರಲಿಲ್ಲ. ಇಷ್ಟು ದಿನ ನಾನು ಒಂಟಿಯಾಗಿದ್ದೆ ಅಂದುಕೊಂಡಿದ್ದೆ. ಒಂಟಿತನ ಅಂದರೆ ಏನೆಂದು ಆಗ ಗೊತ್ತಾಯಿತು.

ಮುಂದಿನ ಎಣಿಕೆ ಹತ್ತಿರ ಬಂದಾಗ ಕಮಲಾಕ್ಷಿ ಬಂದಳು. ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ ಇತ್ತು. ನಮ್ಮ ಓಣಿ ಉಳಿಸಿದಿರಿ, ನಿಮ್ಮ ಋಣ ದೊಡ್ಡದು ಎಂದೆಲ್ಲ ಹೇಳಿ, ಎಣಿಕೆಯ ಸಂಜೆ ತುಂಗಮ್ಮನ ಮನೆಯಲ್ಲಿ ನೀವು ಬಂದು ಕೂರಬೇಕಾಗುತ್ತದೆ, ಲೆಕ್ಕದಲ್ಲಿ ಆ ಮನೆಯವರಲ್ಲವೇ ಎಂದು ನೆಲ ನೋಡುತ್ತ ಹೇಳಿದಳು. ತುಂಗಮ್ಮ ಒಪ್ಪಿದ್ದಾಳೆಯೇ ಎಂದು ಕೇಳಿದೆ. ಓಣಿಗೋಸ್ಕರ ಒಪ್ಪಿದ್ದಾಳೆ ಅಂದಳು. ನಾನು ಅವತ್ತೇ ಹೋಗಿ ಕ್ಷೌರ ಮಾಡಿಸಿಕೊಂಡೆ. ಎಣಿಕೆಗೆ ಇನ್ನೂ ದಿನಗಳಿದ್ದವು, ಗಡ್ಡ ಮತ್ತೆ ಬಂತು, ಮತ್ತೆ ಮಾಡಿಸಿಕೊಂಡೆ. ದಾರಿಯಲ್ಲಿ, ಬಚ್ಚಲಲ್ಲಿ, ಒಲೆಯ ಮುಂದೆ, ಅಲ್ಲಿ ಏನು ಮಾತಾಡಬೇಕೆಂದು ಯೋಚಿಸುತ್ತಿದ್ದೆ. ಮನೆ ಮನೆಯ ಮಾತೆಲ್ಲ ಬಾಯಿಗೆ ಬರುತ್ತಿತ್ತು, ನನ್ನದೆಂಬ ಒಂದು ಮಾತು ಬರುತ್ತಿರಲಿಲ್ಲ.

ಆ ಸಂಜೆ ಮೊದಲ ಸಲ ಆ ಮನೆಯ ಒಳಗೆ ಕಾಲಿಟ್ಟೆ. ಹೊರಗಿನಿಂದ ಕೇಳಿ ಕೇಳಿ ನಾನು ಅಂದುಕೊಂಡಿದ್ದ ಮನೆ ಇದಾಗಿರಲಿಲ್ಲ. ಒಲೆ ಎಡಕ್ಕಿರುತ್ತದೆ ಅಂದುಕೊಂಡಿದ್ದೆ, ಬಲಕ್ಕಿತ್ತು. ಗೋಡೆಗೆ ಒರಗಿಸಿದ್ದ ಕುರ್ಚಿಯೊಂದು ಅರ್ಧ ಹೆಣೆದು ನಿಂತಿತ್ತು. ತುಂಗಮ್ಮ ಮಣೆ ಹಾಕಿದಳು. ನಾನು ಕೂತೆ. ಅವಳು ಎದುರಿಗೆ ಕೂತು ಸೆರಗು ಹೊದ್ದುಕೊಂಡಳು. ಇಬ್ಬರೂ ಕಿಟಕಿಯ ಕಡೆ ನೋಡಿದೆವು. ಓಣಿಯ ತುದಿಯಲ್ಲಿ ಚಪ್ಪಲಿಯ ಸದ್ದು ಬಂತು, ಎರಡು ಜೊತೆ. ಮುನಿಸ್ವಾಮಿ, ಪರಪ್ಪ. ಕಮಲಾಕ್ಷಿಯ ಮನೆ ಮುಗಿಯಿತು, ಅದರ ಪಕ್ಕದ್ದು ಮುಗಿಯಿತು. ಸದ್ದು ನಮ್ಮ ಕಿಟಕಿಯ ಕೆಳಗೆ ಬಂದು ನಿಂತಿತು.

ಅವಳೇ ಕೇಳಿದಳು.

“ನಿಮ್ಮ ಮನೆಯವರು ಹೋಗಿ ಎಷ್ಟು ವರ್ಷ ಆಯ್ತು?”

ನಾನು ಹೇಳಿದೆ. ಏನಾಗಿತ್ತು ಎಂದು ಕೇಳಿದಳು. ಜ್ವರ ಅಂದೆ. ಅಷ್ಟಕ್ಕೇ ಮಾತಾಯಿತು, ನಿಯಮಕ್ಕೆ ಅಷ್ಟು ಸಾಕು. ಆದರೆ ಅವಳು ಇನ್ನೊಂದು ಕೇಳಿದಳು. “ಹೇಗಿದ್ರು ಅವ್ರು?” ಅದನ್ನು ನನಗೆ ಯಾರೂ ಕೇಳಿರಲಿಲ್ಲ. ಇಂದಿರೆ ಸತ್ತಾಗಲೂ ಕೇಳಿರಲಿಲ್ಲ, ಎಲ್ಲರಿಗೂ ಅವಳು ಗೊತ್ತಿದ್ದಳಲ್ಲ. ಹೇಳತೊಡಗಿದೆ. ಅವಳು ಕುಳ್ಳಿ ಎಂದೆ. ಹಲಸಿನ ಹಣ್ಣು ಕಂಡರೆ ಆಗುತ್ತಿರಲಿಲ್ಲ ಎಂದೆ. ಪಕ್ಕದ ತಾಲ್ಲೂಕಿನವಳು, ಇಲ್ಲಿಗೆ ಬಂದ ಹೊಸತರಲ್ಲಿ ತವರಿನ ಬಸ್ಸಿನ ಹೊತ್ತಿಗೆ ಸುಮ್ಮನೆ ರಸ್ತೆಗೆ ಹೋಗಿ ನಿಂತು ಬರುತ್ತಿದ್ದಳು ಎಂದೆ. ನನ್ನ ದನಿಯನ್ನು ನಾನೇ ಕೇಳಿ ಅಷ್ಟು ಕಾಲವಾಗಿತ್ತು, ಅದು ನನಗೇ ಪರಿಚಯವಿರಲಿಲ್ಲ. ಆದರೂ ನಿಲ್ಲಿಸಲಾಗಲಿಲ್ಲ. “ಆಮೇಲೆ ಎಲ್ಲ ಒಗ್ಗಿತು ಅವಳಿಗೆ. ಆದ್ರೆ ನಿದ್ದೇಲಿ ಮಾತಾಡ್ತಿದ್ಲು. ‘ಬಸ್ಸು ಬಂತಾ’ ಅಂತ ಕೇಳೋಳು, ಕಣ್ಣು ಮುಚ್ಕೊಂಡೇ. ಆಗ ನಾನು...”

ಚಪ್ಪಲಿಯ ಸದ್ದು ಕದಲಿತು. ಓಣಿಯ ಬಾಯಿ ದಾಟಿ ಮುಂದೆ ಹೋಯಿತು. ತುಂಗಮ್ಮ ಅದನ್ನೇ ಕೇಳುತ್ತಿದ್ದಳು. ಸದ್ದು ಪೂರ್ತಿ ಅಡಗಿದ ಮೇಲೆ ಉಸಿರು ಬಿಟ್ಟು ನನ್ನ ಕಡೆ ನೋಡಿದಳು.

“ಹೋದ್ರು,” ಅಂದಳು. “ಇನ್ನು ಮಾತಾಡದಿದ್ರೂ ನಡೆಯುತ್ತೆ.”

ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಕಷ್ಟ ಕೊಟ್ಟೆನಲ್ಲ, ಬಿಡುಗಡೆ ಮಾಡೋಣ ಎಂದು ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಕ್ಕ, ನಾನಲ್ಲ. ನಾನು ಎದ್ದೆ. ಅವಳು ಒಂದು ಲೋಟ ಮಜ್ಜಿಗೆ ಕೊಟ್ಟಳು, ಕುಡಿದೆ. ಮೂರು ತಿಂಗಳಾದ ಮೇಲೆ ಮತ್ತೆ ಬರಬೇಕಾಗುತ್ತೇನೋ ಅಂದಳು. ಬರುತ್ತೇನೆ ಅಂದೆ. ಓಣಿಯವರು ಜಗಲಿಗೆ ಬಂದು ಕೂತಿದ್ದರು, ಉಳಿದ ಸ್ವಲ್ಪ ಬೆಳಕಿನಲ್ಲಿ ನಗುತ್ತಿದ್ದರು. ಕಮಲಾಕ್ಷಿ ನನಗೆ ಕೈಮುಗಿದಳು.

ಜಟಕಾ ಸ್ಟ್ಯಾಂಡ್ ಓಣಿಯಲ್ಲಿ ಎರಡೂ ಕಡೆ ಜನ ಮಾತಾಡುತ್ತಿದ್ದರು. ಅವರ ನಡುವೆ ನಡೆದು ನನ್ನ ಕತ್ತಲಿನ ಒಳಗೆ ಹೋದೆ. ಚಪ್ಪಲಿ ಬಿಟ್ಟೆ. ಮಂಚ ಎಲ್ಲಿದೆಯೆಂದು ಕೈಯಿಂದ ತಡವಿ ಕೂತೆ. ಅರ್ಧಕ್ಕೆ ನಿಂತ ಮಾತು ಇನ್ನೂ ಬಾಕಿಯಿತ್ತು. ಹೊರಗೆ ಯಾರಾದರೂ ಕೇಳಿಸಿಕೊಂಡರೂ ಅದು ಲೆಕ್ಕಕ್ಕೆ ಬರುವ ಮಾತಲ್ಲ.

“ಆಗ ನಾನು, ಇನ್ನೂ ಬಂದಿಲ್ಲ, ಮಲಗು ಅಂತಿದ್ದೆ,” ಎಂದು ಮನೆಗೆ ಹೇಳಿದೆ.